ಎಲ್ಲವನ್ನೂ ಮೂರು ಕಡೆ ಇಡುವ ಮಾಳಿಂಗ

ಕಾಲೇಜಿನ ಕಂಪ್ಯೂಟರ್ ಕೆಲಸದವನೊಬ್ಬನಿಗೆ ಬಾಡಿಗೆ ಕೋಣೆ ಬೇಕಂತೆ ಎಂಬ ಸುದ್ದಿಯನ್ನು ಆಳಂದದ ಶಿವಕಾಂತಾಬಾಯಿ ಒಂದೇ ದಿನ ಮೂವರ ಬಾಯಲ್ಲಿ ಕೇಳಿದಳು. ಒಬ್ಬರು ಮರೆತಾರೆಂದು ಮಾಳಿಂಗ ಮೂವರಿಗೂ ಹೇಳಿಟ್ಟಿದ್ದ. ಅವನ ಕೆಲಸವೇ ಅಂಥದ್ದು. ಕಾಲೇಜಿನ ಕೆಲವೇ ಯಂತ್ರಗಳೊಳಗೆ, ತಂತ್ರಾಂಶದಲ್ಲಷ್ಟೇ ಇರುವ, ಕಣ್ಣಿಗೆ ಕಾಣದ ಇಪ್ಪತ್ತು ಕಂಪ್ಯೂಟರ್ ಓಡಿಸಬೇಕು. ಅವುಗಳ ಮಾಹಿತಿಯನ್ನು ತುಂಡು ಮಾಡಿ ಪ್ರತಿ ತುಂಡನ್ನೂ ಮೂರು ಯಂತ್ರಗಳಲ್ಲಿಡಬೇಕು. ಒಂದು ಕೆಟ್ಟರೂ ಕೆಲಸ ನಿಲ್ಲಬಾರದು. ಶಿವಕಾಂತಾಬಾಯಿ ಬಾಡಿಗೆಗೆ ಕೊಟ್ಟ ಕೋಣೆಯ ಕೀಲಿಕೈ ಒಂದು ಅವನ ಕಿಸೆಯಲ್ಲಿ, ಒಂದು ಅವಳ ಹತ್ತಿರ, ಇನ್ನೊಂದು ಚಹಾದಂಗಡಿಯ ಕರೀಮಸಾಬನ ಬಳಿ. ರೊಟ್ಟಿಗೆಂದು ಅವಳು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕೊಟ್ಟರೂ ಮೂರು ಡಬ್ಬಿಗೆ ಹಂಚುತ್ತಿದ್ದ. “ಹೋಗೋದು ಒಂದ ಹೊಟ್ಟಿಗೆ ಅಲ್ಲೇನೋ ಹುಚ್ಚಪ್ಯಾ?” ಎಂದು ಅವಳು ಕೇಳಿದರೆ, “ಒಂದ ಡಬ್ಬಿ ಚೆಲ್ಲಿದ್ರ ಉಪಾಸ ಕೂಡಾಂಗಿಲ್ರಿ ಆಯಿ!” ಎನ್ನುತ್ತಿದ್ದ. “ಹಂಗಾದ್ರ ನಿಮ್ಮವ್ವನ ಫೋಟೋ ಎಷ್ಟ ಇಟ್ಟೀದಿ?” ಎಂದು ಅವಳು ಒಮ್ಮೆ ಚೇಷ್ಟೆ ಮಾಡಿದಾಗ ಮಾತ್ರ ಅವನು “ಒಂದೂ ಇಲ್ರಿ” ಎಂದ. ಅವ್ವ ತೀರಿದಾಗ ಅವನಿಗೆ ಎರಡು ವರ್ಷ. ಇದ್ದ ಒಂದೇ ಫೋಟೋ ಕೊಳಕೂರಿನ ಮನೆ ಕುಸಿದಾಗ ಮಣ್ಣುಪಾಲಾಗಿತ್ತು. ಕೊಳಕೂರು ಶಿವಕಾಂತಾಬಾಯಿಯ ತವರೂರೂ ಹೌದು; ಅವನ ಅವ್ವನನ್ನು ಅವಳು ಬಲ್ಲಳು. ಅವನಿಗೆ ಗೊತ್ತಿದ್ದಂತೆ ಆ ಮುಖ ಕಂಡವರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ಅಂದಿನಿಂದ ದಿನಾ ಸಂಜೆ ಅವನು ಅವ್ವನ ಬಗ್ಗೆ ಕೇಳಿದ್ದನ್ನೇ ಕೇಳುತ್ತಿದ್ದ, ಅವಳು ಹೇಳಿದ್ದನ್ನೇ ಹೇಳುತ್ತಿದ್ದಳು. ಕೆಲಸ ಮುಗಿಸಿ ಹೊರಡುವ ದಿನ ಜೇವರ್ಗಿಯಿಂದ ಹೆಂಡತಿ, ಮಗಳನ್ನು ಕರೆಸಿ, ಶಿವಕಾಂತಾಬಾಯಿಯ ಎದುರು ಕೂಡಿಸಿದ: “ಆಯಿ, ನಮ್ಮವ್ವ ಹೆಂಗ ನಗತಿದ್ಲು, ಇವರಿಗೂ ಹೇಳ್ರಿ.”