ಕಾಲಿಗೆ ಬಿದ್ದ ದುಶ್ಶಾಸನ

ದ್ರೌಪದಿಯ ಸೆರಗಿಗೆ ಕೈ ಹಾಕಬೇಕಿದ್ದ ನಾನು, ಮಂಡ್ಯದ ರಂಗಮಂದಿರದಲ್ಲಿ ಎಲ್ಲರೆದುರು ಅವರ ಕಾಲಿಗೆ ಬಿದ್ದುಬಿಟ್ಟೆ. ಕೊತ್ತತ್ತಿಯ ರೈತರಾದ ನಮ್ಮ ಜೊತೆ ದ್ರೌಪದಿಯಾಗಲು ಒಪ್ಪಿ ಬಂದಿದ್ದವರು ನಾಟಕ, ಸಿನಿಮಾ ಎರಡರಲ್ಲೂ ಹೆಸರಾದ ಹಿರಿಯ ನಟಿ. ತೆರೆಯ ಮೇಲೆ ತಾಯಿಯಾಗಿ ಅವರು ಅತ್ತಾಗಲೆಲ್ಲ ಅತ್ತು ಬೆಳೆದವನು ನಾನು; ಕೈ ಏಳಲಿಲ್ಲ. ಜನ ಗೊಳ್ಳೆಂದು ನಕ್ಕರು. ಅವರು ಮಾತ್ರ ಕದಲದೆ, "ಕಾಲು ಹಿಡಿದರೆ ನಿನ್ನ ಪಾಪ ಹೋಗದು ದುಶ್ಶಾಸನ, ಏಳು" ಎಂದು ಗುಡುಗಿದರು. ನಗು ನಿಂತು ಶಿಳ್ಳೆ ಬಿತ್ತು. ಸೆರಗಿನ ತುದಿಯನ್ನು ಅವರೇ ನನ್ನ ಕೈಗೆ ಸಿಗುವಂತೆ ಬಿಟ್ಟರು.

ಬಣ್ಣ ಅಳಿಸುವಾಗ ಕ್ಷಮೆ ಕೇಳಲು ಹೋದೆ. ಮಳವಳ್ಳಿ ಕಡೆಯ ಮಾತಿನಲ್ಲೇ ನಕ್ಕು ಹೇಳಿದರು: "ಬುಡಪ್ಪ, ಇಷ್ಟು ವರ್ಸದಲ್ಲಿ ನಂಗೆ ಅಡ್ಡಬಿದ್ದ ದುಸ್ಸಾಸನ ನೀನೊಬ್ನೆ ಕಣಪ್ಪ."

ಊರಲ್ಲಿ ಇಂದಿಗೂ ನನ್ನನ್ನು 'ಕಾಲು ಹಿಡಿದ ದುಶ್ಶಾಸನ' ಎಂದೇ ರೇಗಿಸುತ್ತಾರೆ. ರೇಗಿಸಲಿ ಬಿಡಿ. ಆ ಪಾದ ಮುಟ್ಟುವ ಭಾಗ್ಯ ಅವರ್ಯಾರಿಗೂ ಸಿಗಲಿಲ್ಲ.