ಸೂತಕದ ಹತ್ತು ದಿನ

ಸ್ಯಾನ್ ಮಟಿಯೋದ ಗುಡ್ಡದ ಮೇಲಿನ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. ಸ್ಕಾಟ್‌ಲೆಂಡಿನ ದೊಡ್ಡ ಮನೆತನದ ಮಗಳು. ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಹೆಸರಿಗೆ ‘ಲೇಡಿ’ ಎಂದು ಸೇರಿಸಿಕೊಳ್ಳುವ ಹಕ್ಕಿತ್ತು. ಯಾರಾದರೂ ಹಾಗೆ ಕರೆದರೆ ಮುಖ ಗಂಟಿಕ್ಕುತ್ತಿದ್ದರು.

ಅವರಪ್ಪನ ಕೋಟೆಯಂಥ ಮನೆಯಲ್ಲಿ ಊಟದ ಹೊತ್ತಿಗೆ ವಾದ್ಯದವನೊಬ್ಬ ಹೊರಗೆ ಚಳಿಯಲ್ಲಿ ನಿಂತು ಬ್ಯಾಗ್‌ಪೈಪ್ ಊದುತ್ತಿದ್ದನಂತೆ. ಒಳಗಿದ್ದವರು ಮಾತು ಕೂಡ ನಿಲ್ಲಿಸುತ್ತಿರಲಿಲ್ಲವಂತೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ ಎನ್ನುತ್ತಿದ್ದರು. ಹಾಗಾಗಿ ತಮ್ಮ ಮನೆಗೆ ಬರುವ ಚಿತ್ರಕಾರರಿಗೆ, ಪಿಟೀಲಿನವರಿಗೆ, ಕೊನೆಗೆ ನನ್ನಂಥವಳಿಗೂ ಬಾಗಿಲು ತೆರೆಯುತ್ತಿದ್ದುದು ಅವರೇ. ನುಡಿಸುವವರು ಎದ್ದ ಮೇಲಷ್ಟೇ ಉಳಿದವರು ಏಳಬೇಕೆಂಬುದು ಆ ಮನೆಯ ಕಟ್ಟಳೆ.

ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಸದ್ದೆಂದು ದೂರು ಕೊಟ್ಟಿದ್ದರು. ಅದನ್ನು ಕೇಳಿ ಆಕೆ ನನ್ನ ವೀಣೆಗೆಂದೇ ಒಂದು ಕೋಣೆ ಬಿಟ್ಟುಕೊಟ್ಟರು. ಆರು ವರ್ಷ, ಪ್ರತಿ ಶನಿವಾರ, ಸೇತುವೆ ದಾಟಿ ಹೋಗಿ ಅಲ್ಲಿ ನುಡಿಸಿದೆ.

ಈ ವರ್ಷ ಅವರು ಹಾಸಿಗೆ ಹಿಡಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಮೈಸೂರಿನಿಂದ ಅತ್ತೆಯ ಫೋನು ಬಂತು. ನನ್ನವರ ದೊಡ್ಡಪ್ಪ ಹೋಗಿಬಿಟ್ಟಿದ್ದರು.

“ಹತ್ತು ದಿನ ಸೂತಕ ಕಣಮ್ಮ. ದೇವರ ದೀಪ ಹಚ್ಬೇಡ, ವೀಣೆ ಮುಟ್ಬೇಡ.”

ಆ ದೊಡ್ಡಪ್ಪನನ್ನು ನಾನು ಮದುವೆಯ ಆಲ್ಬಮ್ಮಿನಲ್ಲಿ ಮಾತ್ರ ನೋಡಿದ್ದೆ. “ಹೋಗಿ ನುಡಿಸಿ ಬಾರೆ, ಇಲ್ಲಿ ಯಾರು ನೋಡ್ತಾರೆ?” ಎಂದರು ನನ್ನವರು. ನಾನೇನು ಮಡಿವಂತೆಯಲ್ಲ, ಆಫೀಸಿನಲ್ಲಿ ಮೊಟ್ಟೆ ತಿನ್ನುವವಳು. ಆದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಸಾಯುತ್ತಿರುವವರ ಎದುರು ಕೂರಲು ನನಗೆ ಹೆದರಿಕೆ. ಸೂತಕ ಒಳ್ಳೆಯ ನೆಪವಾಯಿತು.

ಫೋನಿನಲ್ಲಿ ಆ ಹಿರಿಯಾಕೆಗೆ ಸೂತಕದ ವಿಷಯ ಹೇಳಿದಾಗ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಮ್ಮ ಅಜ್ಜ ಸತ್ತಾಗ ಪಿಯಾನೋಗೆ ಬೀಗ ಹಾಕಿದ್ದರು ಎಂದರು. “ಹತ್ತು ದಿನ ತಾನೇ? ಕಾಯುತ್ತೇನೆ.”

ಸೂತಕದ ಎಂಟನೆಯ ದಿನ ಆಕೆ ತೀರಿಕೊಂಡರು. ಸುದ್ದಿ ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಸರಿ ಎಂದು ಮೆಸೇಜು ಹಾಕಿ ಮೀಟಿಂಗು ಮುಗಿಸಿದೆ. ಸಂಜೆ ಅನ್ನ, ಸಾರು ಮಾಡಿದೆ. ಅಳು ಬರಲಿಲ್ಲ. ಬರುತ್ತದೇನೋ ಎಂದು ಎರಡು ದಿನ ಕಾದೆ.

ಹನ್ನೊಂದನೆಯ ದಿನ ತಲೆಗೆ ಸ್ನಾನ ಮಾಡಿ ವೀಣೆ ತರಲು ಹೋದೆ. ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸು ಇನ್ನೂ ಅಲ್ಲೇ ಸಾಮಾನು ಜೋಡಿಸುತ್ತಿದ್ದಳು. ವೀಣೆಯನ್ನು ಯಾರೂ ಮುಟ್ಟಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದ್ದರಂತೆ.

“ರೇಡಿಯೋ ಕೂಡ ಹಾಕಲು ಬಿಡಲಿಲ್ಲ,” ಎಂದಳು. “ರಾತ್ರಿ ಹಗಲು ಸಂಗೀತ ಕೇಳುತ್ತಿದ್ದವರು, ಕೊನೆಯ ಎಂಟು ದಿನ ಏನೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಸಾವಾಗಿದೆ, ಈ ಮನೆಯಲ್ಲಿ ಸಂಗೀತ ಸರಿಯಲ್ಲ ಎಂದರು.”

ಆಕೆ ಸತ್ತದ್ದಕ್ಕೆ ನಮ್ಮ ಶಾಸ್ತ್ರದ ಪ್ರಕಾರ ನನಗೆ ಒಂದು ದಿನದ ಸೂತಕವೂ ಇರಲಿಲ್ಲ. ಕೋಣೆಯ ಹೊಸ್ತಿಲಲ್ಲೇ ನಿಂತು ನನ್ನವರಿಗೆ ಫೋನು ಮಾಡಿದೆ.

“ವೀಣೇನ ನೀವೇ ಬಂದು ಎತ್ಕೊಂಡು ಹೋಗಿ,” ಎಂದೆ. “ನನ್ ಕೈಲಿ ಮುಟ್ಟೋಕಾಗ್ತಿಲ್ಲ.”