ಸುಣ್ಣದಡಿಯ ಬೀಜ

ಗೋಡೆಯನ್ನು ಚಮಚದಿಂದ ಕೆರೆಯುವ ಕರ್‌ಕರ್ ಸದ್ದು ಇನ್ನೂ ಕಿವಿಯಲ್ಲಿದೆ. ಇಳಕಲ್ಲಿನ ನನ್ನ ಪಕ್ಕದ ಮನೆಯಾಕೆ, ಬೇವೂರಿನ ತವರಲ್ಲೂ ಮತ್ತೆ ಸಿಗದ ಜವಾರಿ ಟೊಮೆಟೊ ಬೀಜಗಳನ್ನು ಮುಂದಿನ ಬಿತ್ತನೆಗೆ ಕೆಡದಿರಲೆಂದು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿದ್ದಳು. ಹಬ್ಬಕ್ಕೆಂದು ಗಂಡ ಅದರ ಮೇಲೇ ಸುಣ್ಣ ಬಳಿದುಬಿಟ್ಟಿದ್ದ.

“ಹೋಪ್‌ಲೆಸ್ ಕೇಸ್, ಬಿಡವಾ,” ಎಂದೆ, ಸುಣ್ಣ ಕೆರೆಯುತ್ತಿದ್ದವಳಿಗೆ.

“ಇರ್ಲಿ, ತಡೀರಿ ಟೀಚರ್,” ಎಂದಳು. ಎಲ್ಲದಕ್ಕೂ ಅವಳದು ಅದೇ ಮಾತು. ಕೆರೆದ ಬೀಜಗಳನ್ನು ಸುಣ್ಣ ಬಿಟ್ಟಷ್ಟು ತೊಳೆದು ಡಬ್ಬಿಯಲ್ಲಿ ಬಿತ್ತಿ, ದಿನವೂ ಮಣ್ಣಿಗೆ ಮೂಗು ತಾಗುವಷ್ಟು ಬಾಗಿ ನೋಡುವಳು. ಗಂಡನೊಡನೆ ಮಾತಿರಲಿಲ್ಲ.

ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಕೂಗು: “ಟೀಚರ್, ಬರ್ರಿ! ಸಸಿ ಸುಣ್ಣದ ಟೊಪ್ಪಿಗಿ ಹಾಕ್ಕೊಂಡು ಎದ್ದಾವ್ರಿ!” ಮರುಕ್ಷಣವೇ ಗಂಡನತ್ತ ತಿರುಗಿ, “ಏನ್ರಿ, ಚಾ ಕುಡೀತೀರೇನು?” ಎಂದಳು. ಥ್ಯಾಂಕ್ ಗಾಡ್, ಅಂದುಕೊಂಡೆ.

ಅವರು ಹುನಗುಂದಕ್ಕೆ ಮನೆ ಬದಲಿಸಿದ ದಿನವೇ ಅವಳನ್ನು ಕಡೆಯ ಸಲ ನೋಡಿದ್ದು. ಬಸ್ಸಿನಲ್ಲಿ ಸಸಿಗಳ ಡಬ್ಬಿ ಗಂಡನ ತೊಡೆಯ ಮೇಲಿತ್ತು. ಅವಳು ಸೆರಗು ಅಡ್ಡ ಹಿಡಿದು ಗಾಳಿ ತಡೆಯುತ್ತಿದ್ದಳು.